ನೋಡುವುದು ಮತ್ತು ನೋಡಿಕೊಳ್ಳುವುದು

ಕನ್ನಡದಲ್ಲಿ ‘ನೋಡು’ ಎಂಬ ಕ್ರಿಯಾಪದಕ್ಕೆ ‘ಕೊಳ್ಳು’ ಎಂಬ ಇನ್ನೊಂದು ಸೇರಿದೊಡನೆ ಅರ್ಥವೇ ಬೇರೆಯಾಗುತ್ತದೆ. ನೋಡುವುದಕ್ಕೆ ಕಣ್ಣು ಸಾಕು; ನೋಡಿಕೊಳ್ಳುವುದಕ್ಕೆ ಇಡೀ ಮನುಷ್ಯನೇ ಬೇಕು. ತೋಟವನ್ನು ನೋಡಿದವನಿಗೆ ಅದರ ಹೊಣೆಯಿಲ್ಲ. ತೋಟವನ್ನು ನೋಡಿಕೊಳ್ಳುವವನಾದರೋ ಬೇಸಗೆಯಲ್ಲಿ ನೀರುಣಿಸಬೇಕು, ಮಳೆ ಹಿಡಿಯುವ ಮೊದಲು ಅಡಕೆಗೊನೆಗಳಿಗೆ ಮದ್ದು ಬಿಡಿಸಬೇಕು, ಬಿದ್ದ ಮರದ ಜಾಗದಲ್ಲಿ ಸಸಿ ನೆಡಬೇಕು. ರೋಗಿಯನ್ನು ನೋಡಿ ಬಂದವರು ಸಂಜೆಗೆ ಮನೆ ಸೇರುತ್ತಾರೆ. ರೋಗಿಯನ್ನು ನೋಡಿಕೊಳ್ಳುವವರು ರಾತ್ರಿಯಿಡೀ ಎಚ್ಚರವಾಗಿರುತ್ತಾರೆ. ನಮ್ಮ ಹಿರಿಯರು ವ್ಯಾಕರಣದ ಈ ಸಣ್ಣ ಜೋಡಣೆಯೊಳಗೆ ಒಂದು ನೀತಿಯನ್ನೇ ಅಡಗಿಸಿಟ್ಟಿದ್ದಾರೆ. ಇಂದು ಮನೆಮನೆಯ ಮಾಡಿನ ಕೆಳಗೆ ನೆಲೆಗೊಳ್ಳುತ್ತಿರುವ ಕ್ಯಾಮರಾಗಳನ್ನು ಕುರಿತು ಯೋಚಿಸುವಾಗ ನನಗೆ ಮತ್ತೆ ಮತ್ತೆ ಎದುರಾಗುವುದು ಈ ಭೇದವೇ. ಗಣಕಯಂತ್ರಕ್ಕೆ ಜೋಡಿಸಿದ ಆ ಕಣ್ಣುಗಳ ಮೂಲಕ ನಾವು ನಮ್ಮ ಮನೆಯನ್ನು ನೋಡುತ್ತಿದ್ದೇವೆಯೇ, ನೋಡಿಕೊಳ್ಳುತ್ತಿದ್ದೇವೆಯೇ?

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕ್ಯಾಮರಾದ ಮಾತೇಕೆ ಎಂದು ಓದುಗರು ಹುಬ್ಬೇರಿಸಬಹುದು. ಕಾಸರಗೋಡಿನ ಹಳ್ಳಿಗಳಲ್ಲಿ ಒಂದು ಸುತ್ತು ಬಂದವರಿಗೆ ಈ ಸಂದೇಹ ಉಳಿಯಲಾರದು. ಗುಡ್ಡದ ಇಳಿಜಾರಿನಲ್ಲಿ ಒಂಟಿಯಾಗಿ ನಿಂತ ದೊಡ್ಡ ಮನೆ. ಒಂದು ಕಾಲಕ್ಕೆ ಇಪ್ಪತ್ತು ಎಲೆ ಹಾಕುತ್ತಿದ್ದ ಚಾವಡಿಯಲ್ಲಿ ಈಗ ಇಬ್ಬರು ವೃದ್ಧರು. ಮಕ್ಕಳಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಕೊಲ್ಲಿಯಲ್ಲಿ, ಮತ್ತೊಬ್ಬರು ಸಮುದ್ರದಾಚೆ ಇನ್ನೂ ದೂರದಲ್ಲಿ. ನೆರೆಮನೆಯೆಂದರೆ ಕೂಗಿದರೆ ಕೇಳಿಸದಷ್ಟು ದೂರ. ಅಂಗಳದಲ್ಲಿ ಅಡಕೆ ಒಣಗುತ್ತಿದೆ, ಪೆಟ್ಟಿಗೆಯಲ್ಲಿ ಚಿನ್ನವಿದೆ, ದೇಹದಲ್ಲಿ ಬಲವಿಲ್ಲ. ಇಂಥ ಮನೆಯ ಮಕ್ಕಳು ರಜೆಗೆ ಬಂದಾಗ ನಾಲ್ಕು ಕ್ಯಾಮರಾ ಹಾಕಿಸಿ ಹೋಗುತ್ತಾರೆ. ಅವರ ಭಯ ಸುಳ್ಳಲ್ಲ, ಅವರ ಪ್ರೀತಿಯೂ ಸುಳ್ಳಲ್ಲ. ಒಂಟಿ ಮನೆಯ ಮುದುಕರ ಮೇಲೆ ನಡೆದ ಹಲ್ಲೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಮಗನಿಗೆ ಆ ರಾತ್ರಿ ನಿದ್ದೆ ಬಾರದಿದ್ದರೆ ಅದು ಸಹಜ. ಆದುದರಿಂದ ಕ್ಯಾಮರಾವೇ ಕೂಡದೆಂದು ಸಾರುವ ಉದ್ದೇಶ ಈ ಬರಹಕ್ಕಿಲ್ಲ. ನೋಡುವ ಅಧಿಕಾರ ಎಲ್ಲಿಂದ ಬರುತ್ತದೆ, ಎಲ್ಲಿಗೆ ಮುಗಿಯುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮನೆಗೆ ಕ್ಯಾಮರಾ ಬಂದ ಕಥೆಯನ್ನು ಮೊದಲು ನೆನೆಯುವುದು ಒಳಿತು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿಯೊಬ್ಬಳಿದ್ದಳು. ಹೊತ್ತುಗೊತ್ತಿಲ್ಲದ ಪಾಳಿಯ ಕೆಲಸ. ಪತಿ ಆಲ್ಬರ್ಟ್ ವಿದ್ಯುನ್ಮಾನ ತಂತ್ರಜ್ಞ, ಆತನಿಗೂ ಅಂಥದೇ ದುಡಿಮೆ. ಕರೆದರೆ ಪೊಲೀಸರು ಬೇಗನೆ ಬಾರದ ಕೇರಿ. ಒಬ್ಬಳೇ ಇರುವಾಗ ಬಾಗಿಲು ಬಡಿದವರು ಯಾರೆಂದು ತಿಳಿಯಬೇಕೆಂಬ ಅಗತ್ಯದಿಂದ ದಂಪತಿಗಳು ಒಂದು ಸಾಧನವನ್ನು ರೂಪಿಸಿ 1966ರಲ್ಲಿ ಸ್ವಾಮ್ಯಪತ್ರಕ್ಕೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಅದು ಅವರಿಗೆ ದೊರೆಯಿತು. ಬಾಗಿಲಿನಲ್ಲಿ ಬೇರೆ ಬೇರೆ ಎತ್ತರದ ಕಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮರಾ, ಒಳಕೋಣೆಯಲ್ಲಿ ಚಿತ್ರ ಕಾಣುವ ಪರದೆ. ಇದರೊಂದಿಗೆ ಇನ್ನೂ ಎರಡು ಅಂಗಗಳಿದ್ದವು: ಹೊರಗಿನವರೊಡನೆ ಮಾತನಾಡಲು ಧ್ವನಿವಾಹಕ ಮತ್ತು ಬಂದವರು ಬೇಕಾದವರೆಂದು ಕಂಡರೆ ದೂರದಿಂದಲೇ ಚಿಲಕ ತೆಗೆಯುವ ಗುಂಡಿ. ಮನೆಯ ಕಣ್ಗಾವಲು ಹುಟ್ಟಿದ್ದು ಹೀಗೆ. ಅದರ ಕಣ್ಣು ಹೊರಗಡೆಗಿತ್ತು, ಅದಕ್ಕೆ ಬಾಯಿಯೂ ಇತ್ತು, ಬಾಗಿಲು ತೆರೆಯುವ ಕೈಯೂ ಇತ್ತು. ನೋಟ, ಮಾತು, ಸ್ವಾಗತ ಈ ಮೂರೂ ಒಂದೇ ಯಂತ್ರದಲ್ಲಿ ಕೂಡಿದ್ದವು. ಮುಂದಿನ ದಶಕಗಳಲ್ಲಿ ಕಣ್ಣು ಸಾವಿರ ಪಟ್ಟು ಬೆಳೆದು ಮನೆಯೊಳಕ್ಕೂ ಹೊರಳಿಕೊಂಡಿತು. ಬಾಯಿ ಮತ್ತು ಕೈಗಳು ಅಷ್ಟು ಬೆಳೆಯಲಿಲ್ಲ.

ಇಂದಿನ ವ್ಯವಸ್ಥೆಯ ರಚನೆಯನ್ನು ತಿಳಿದುಕೊಂಡರೆ ಅದರ ನೀತಿಯ ಪ್ರಶ್ನೆಗಳೂ ಸ್ಪಷ್ಟವಾಗುತ್ತವೆ. ಜಾಲಕ್ಕೆ ಜೋಡಿಸಬಲ್ಲ ಕೆಲವು ಕ್ಯಾಮರಾಗಳು, ಅವುಗಳಿಗೆ ವಿದ್ಯುತ್ತನ್ನೂ ಸಂದೇಶವನ್ನೂ ಒಂದೇ ತಂತಿಯಲ್ಲಿ ಒಯ್ಯುವ ಸ್ವಿಚ್ಚು, ಮೂಲೆಗೆ ಸರಿಸಿದ ಒಂದು ಹಳೆಯ ಕಂಪ್ಯೂಟರು, ಅದರಲ್ಲಿ ಲಿನಕ್ಸ್, ಅದರ ಮೇಲೆ ಝೋನ್‌ಮೈಂಡರ್‌ನಂತಹ ಮುಕ್ತ ತಂತ್ರಾಂಶ. ಇಷ್ಟಿದ್ದರೆ ಗೃಹಸ್ಥನು ತನ್ನ ಮನೆಗೆ ತಾನೇ ಕಾವಲು ಕಟ್ಟಿಕೊಳ್ಳಬಲ್ಲನು. ಒಂದು ಕ್ಷಣದ ಚಿತ್ರವನ್ನು ಹಿಂದಿನ ಕ್ಷಣದ ಚಿತ್ರದೊಡನೆ ಹೋಲಿಸಿ, ವ್ಯತ್ಯಾಸ ಒಂದು ಮಿತಿಯನ್ನು ದಾಟಿದಾಗ ‘ಚಲನೆಯಿದೆ’ ಎಂದು ಗುರುತಿಸುವುದು ಅದರ ಮೂಲ ವಿದ್ಯೆ. ಗಾಳಿಗೆ ಅಲುಗುವ ಬಾಳೆಯೆಲೆ, ಮೋಡ ಸರಿದಾಗ ಓಡುವ ನೆರಳು, ರಾತ್ರಿಯ ಅವಗೆಂಪು ದೀಪದ ಬಳಿ ಹುಳುಗಳನ್ನು ಅರಸಿ ಬಲೆ ನೇಯುವ ಜೇಡ, ಇವೆಲ್ಲವೂ ಅದಕ್ಕೆ ಕಳ್ಳರೇ. ಮನುಷ್ಯನನ್ನೂ ಪ್ರಾಣಿಯನ್ನೂ ಬೇರ್ಪಡಿಸಿ ಹೇಳುವ ತಂತ್ರಾಂಶಗಳು ಈಗ ಬಂದಿವೆ. ಆದರೆ ಬಂದವನು ನೆಂಟನೋ ವೈರಿಯೋ ಎಂಬುದನ್ನು ಅರಿಯುವ ಶಕ್ತಿ ಅವುಗಳಿಗಿಲ್ಲ.

ಇನ್ನು ಸಂಗ್ರಹದ ಲೆಕ್ಕ. ಒಂದು ಕ್ಯಾಮರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಚಿತ್ರ ಕಳುಹಿಸಿದರೆ ಒಂದು ದಿನಕ್ಕೆ ಸುಮಾರು 43 ಗಿಗಾಬೈಟ್ ಆಗುತ್ತದೆ. ನಾಲ್ಕು ಕ್ಯಾಮರಾಗಳಿಗೆ 172. ನಾಲ್ಕು ಟೆರಾಬೈಟ್‌ನ ತಟ್ಟೆ ಸುಮಾರು 23 ದಿನಗಳಲ್ಲಿ ತುಂಬುತ್ತದೆ; ಆಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕು. ಅಂದರೆ ಎಷ್ಟು ದಿನ ನೆನಪಿಟ್ಟುಕೊಳ್ಳಬೇಕು, ಯಾವ ದಿಕ್ಕಿಗೆ ಕಣ್ಣು ತಿರುಗಿಸಬೇಕು, ಚಿತ್ರದ ಯಾವ ಭಾಗಕ್ಕೆ ಕಪ್ಪು ಬಳಿದು ಮುಚ್ಚಬೇಕು, ಧ್ವನಿಯನ್ನೂ ಹಿಡಿಯಬೇಕೇ, ನೋಡಲು ಯಾರಿಗೆ ಅನುಮತಿ ಎಂಬ ಪ್ರಶ್ನೆಗಳನ್ನು ವ್ಯವಸ್ಥೆ ಕಟ್ಟುವ ದಿನವೇ ಉತ್ತರಿಸಬೇಕಾಗುತ್ತದೆ. ತಾಂತ್ರಿಕ ಆಯ್ಕೆಗಳಂತೆ ತೋರುವ ಇವು ನಿಜದಲ್ಲಿ ಧರ್ಮದ ಆಯ್ಕೆಗಳು. ಮರೆವು ಮನುಷ್ಯನಿಗೆ ಪ್ರಕೃತಿ ಕೊಟ್ಟ ಒಂದು ದಯೆ. ಯಂತ್ರಕ್ಕೆ ಅದನ್ನು ನಾವೇ ಕಲಿಸಿಕೊಡಬೇಕು.

ಹಿಂದಿನ ಮನೆಗಳಲ್ಲಿ ಕಣ್ಗಾವಲು ಇರಲಿಲ್ಲವೇ? ಧಾರಾಳವಾಗಿತ್ತು. ಜಗಲಿಯಲ್ಲಿ ಕುಳಿತ ಅಜ್ಜನಿಗೆ ಅಂಗಳ ದಾಟುವ ಪ್ರತಿಯೊಬ್ಬರೂ ಕಾಣುತ್ತಿದ್ದರು. ಆದರೆ ಅಜ್ಜನೂ ಅವರಿಗೆ ಕಾಣುತ್ತಿದ್ದನು. ನೋಟಕ್ಕೆ ಪ್ರತಿನೋಟವಿತ್ತು, “ಎಲ್ಲಿಗೆ ಹೊರಟೆ?” ಎಂಬ ಪ್ರಶ್ನೆಗೆ ಉತ್ತರವೂ, ಕೆಲವೊಮ್ಮೆ ಮರುಪ್ರಶ್ನೆಯೂ ಇತ್ತು. ನೋಡುವವನ ಮುಖ ಕಂಡಾಗ ನೋಡಿಸಿಕೊಳ್ಳುವವನಿಗೆ ಆ ನೋಟದ ಭಾವ ತಿಳಿಯುತ್ತದೆ. ಅದು ಅಕ್ಕರೆಯೋ ಸಂಶಯವೋ ಕುತೂಹಲವೋ ಎಂದು ಅರಿತು ಆತ ನಿಲ್ಲಬಹುದು, ನಗಬಹುದು, ಸಿಡುಕಬಹುದು. ಊರ ಗಡಿಯಲ್ಲಿ ನಿಂತ ವೀರಗಲ್ಲುಗಳೂ ಇದನ್ನೇ ಹೇಳುತ್ತವೆ. ತುರುಗಳನ್ನು ಕಾಯುತ್ತ ಮಡಿದವನ ಕಲ್ಲು ಅದು. ಕಾವಲಿಗೆ ನಿಂತವನು ತಾನು ಕಾಯುವ ವಸ್ತುವಿನ ಅಪಾಯದಲ್ಲಿ ಪಾಲುಗಾರನಾಗಿರುತ್ತಿದ್ದನು. ಕ್ಯಾಮರಾದ ಹಿಂದೆ ಕುಳಿತವನು ಯಾರಿಗೂ ಕಾಣುವುದಿಲ್ಲ, ಯಾವ ಅಪಾಯದಲ್ಲಿಯೂ ಪಾಲು ಪಡೆಯುವುದಿಲ್ಲ. ಹಳೆಯ ಕಾವಲಿಗೂ ಹೊಸ ಕಾವಲಿಗೂ ಇರುವ ಅಂತರ ಇದು.

ಆದರೂ ಹಳೆಯದನ್ನೆಲ್ಲ ಹೊಗಳಿ ಮುಗಿಸುವುದು ನ್ಯಾಯವಾಗದು. ಊರಿನ ಕಣ್ಣು ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುತ್ತಿರಲಿಲ್ಲ. ವಿಧವೆ ಎಷ್ಟು ಹೊತ್ತಿಗೆ ಹೊರಗೆ ಬಂದಳು, ಸೊಸೆ ಯಾರೊಡನೆ ಮಾತನಾಡಿದಳು, ಕೆಳಗಿನ ಜಾತಿಯವನು ಯಾವ ಮೆಟ್ಟಿಲಿನವರೆಗೆ ಬಂದನು ಎಂಬುದನ್ನು ಆ ಕಣ್ಣು ಅಳೆಯುತ್ತಿತ್ತು. ಮೇಲಿನವರ ಅಪರಾಧಗಳಿಗೆ ಅದು ಹಲವು ಬಾರಿ ಮುಚ್ಚಿಕೊಂಡಿತ್ತು. ಒಡವೆ ಕಾಣದಾದಾಗ ಮೊದಲು ಹೆಸರು ಕೇಳಿಬರುತ್ತಿದ್ದುದು ಮನೆಗೆಲಸದವಳದು. ಆ ನ್ಯಾಯಪೀಠಕ್ಕೆ ಸಾಕ್ಷಿ ಬೇಕಿರಲಿಲ್ಲ. ಕ್ಯಾಮರಾಕ್ಕೆ ಜಾತಿಯಿಲ್ಲ, ಹಗೆಯಿಲ್ಲ; ಆಪಾದನೆಗೊಳಗಾದ ನಿರಪರಾಧಿಯನ್ನು ಅದು ಬಿಡಿಸಬಲ್ಲದು. ಇದು ಕ್ಯಾಮರಾದ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತೆಂದು ನಾನು ತಿಳಿದಿದ್ದೇನೆ. ಆದರೆ ಈ ಮಾತು ಸಲ್ಲಬೇಕಾದರೆ ಒಂದು ನಿಬಂಧನೆ ಪೂರೈಸಬೇಕು. ಚಿತ್ರವನ್ನು ತೆರೆದು ನೋಡುವ ಹಕ್ಕು ಮನೆಯೊಡತಿಗೆ ಇರುವಷ್ಟೇ ಆಪಾದನೆ ಹೊತ್ತ ಕೆಲಸದವಳಿಗೂ ಇರಬೇಕು. ‘ಸಾಕ್ಷಿ’ ಎಂಬ ಶಬ್ದದ ಹೊಟ್ಟೆಯಲ್ಲಿ ‘ಅಕ್ಷಿ’ ಇದೆ. ಕಣ್ಣಾರೆ ಕಂಡವನು ಸಾಕ್ಷಿ. ಸಾಕ್ಷಿ ಎರಡೂ ಪಕ್ಷಗಳಿಗೆ ಸಮಾನನಾಗಿರಬೇಕೆಂಬುದು ನ್ಯಾಯದ ಮೊದಲ ಪಾಠ. ಬೇಕೆಂದಾಗ ತೋರಿಸಿ ಬೇಡವೆಂದಾಗ ಅಳಿಸುವ ಅಧಿಕಾರ ಒಂದೇ ಕೈಯಲ್ಲಿದ್ದರೆ ಅಂಥ ಯಂತ್ರ ಸಾಕ್ಷಿಯಾಗದೆ ಒಡೆಯನ ವಕೀಲನಾಗುತ್ತದೆ.

ಅಲ್ಲದೆ ಚಿತ್ರ ಹೇಳುವುದೆಲ್ಲವೂ ಸತ್ಯವೆಂದು ಬಗೆಯುವುದೂ ಆತುರ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಗಾದೆ ಎಚ್ಚರಿಸುತ್ತದೆ. ಕೆಲಸದವಳು ಕಪಾಟಿನ ಬಳಿ ನಿಂತು ಸೊಂಟಕ್ಕೆ ಏನನ್ನೋ ಸಿಕ್ಕಿಸಿಕೊಂಡದ್ದು ಚಿತ್ರದಲ್ಲಿ ಕಾಣುತ್ತದೆ. ಅದು ಆಕೆಯದೇ ಎಲೆಯಡಿಕೆಯ ಚೀಲವೆಂಬುದು ಕಾಣುವುದಿಲ್ಲ. ಯಂತ್ರ ಕ್ರಿಯೆಯನ್ನು ಹಿಡಿಯುತ್ತದೆ, ಉದ್ದೇಶ ಅದರ ಕೈಗೆ ಸಿಗುವುದಿಲ್ಲ. ಉದ್ದೇಶವನ್ನು ತಿಳಿಯಲು ಕೇಳಬೇಕು, ಕೇಳಿದ ಮೇಲೆ ಕಿವಿಗೊಡಬೇಕು. ಕ್ಯಾಮರಾ ಬಂದ ಮನೆಗಳಲ್ಲಿ ಕೇಳುವ ಅಭ್ಯಾಸ ಕಡಿಮೆಯಾಗದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.

“ತಪ್ಪು ಮಾಡದವನಿಗೆ ಭಯವೇಕೆ?” ಎಂಬ ಪ್ರಶ್ನೆಯನ್ನು ಈ ಸಂದರ್ಭದಲ್ಲಿ ಹಲವರು ಕೇಳುತ್ತಾರೆ. ಮೇಲುನೋಟಕ್ಕೆ ಇದಕ್ಕೆ ಉತ್ತರವಿಲ್ಲವೆನಿಸುತ್ತದೆ. ಆದರೆ ಮನುಷ್ಯ ಮರೆಮಾಡುವುದೆಲ್ಲವೂ ತಪ್ಪಲ್ಲ. ದೇವರೆದುರು ಅಳುವುದು ತಪ್ಪಲ್ಲ, ಆದರೂ ಬಾಗಿಲು ಮುಂದೆ ಮಾಡಿಕೊಂಡು ಅಳುತ್ತೇವೆ. ಮುದಿಯಾದ ಪತಿ ಪತ್ನಿಯ ಕಾಲಿಗೆ ಎಣ್ಣೆ ತಿಕ್ಕುವುದು ತಪ್ಪಲ್ಲ, ಅದು ಮೂರನೆಯವರಿಗೆ ಕಾಣಬೇಕಾದುದೂ ಅಲ್ಲ. ಬರೆಯುವವನು ಹತ್ತು ಸಲ ಹೊಡೆದುಹಾಕಿದ ಸಾಲು, ಹಾಡು ಕಲಿಯುವವಳ ಅಪಸ್ವರ, ಮರೆಗುಳಿಯಾಗುತ್ತಿರುವ ತಂದೆ ಒಂದೇ ಬೀಗವನ್ನು ಐದು ಸಲ ಎಳೆದು ನೋಡುವುದು, ಇವೆಲ್ಲವೂ ಮರೆಯನ್ನು ಬೇಡುತ್ತವೆ. ಮನೆಯೆಂದರೆ ಮನುಷ್ಯನು ಅಪೂರ್ಣನಾಗಿರಲು ಅನುಮತಿಯಿರುವ ಸ್ಥಳ. ಅಲ್ಲಿಯೂ ಅವನು ಪ್ರದರ್ಶನಕ್ಕೆ ನಿಂತವನಂತೆ ಇರಬೇಕಾದರೆ ಮನೆಗೂ ಬೀದಿಗೂ ವ್ಯತ್ಯಾಸವೇ ಉಳಿಯದು.

ಇಂಗ್ಲೆಂಡಿನ ತತ್ತ್ವಜ್ಞ ಜೆರೆಮಿ ಬೆಂಥಮ್ 1787ರಲ್ಲಿ ಬರೆದು 1791ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಒಂದು ವರ್ತುಲಾಕಾರದ ಬಂದೀಖಾನೆಯ ಯೋಜನೆಯನ್ನು ಮುಂದಿಟ್ಟನು. ಸುತ್ತಲೂ ಕೋಣೆಗಳು, ನಡುವೆ ಗೋಪುರ. ಗೋಪುರದಲ್ಲಿ ಕುಳಿತ ಅಧಿಕಾರಿಗೆ ಕೈದಿಗಳೆಲ್ಲರೂ ಕಾಣುತ್ತಾರೆ. ಕೈದಿಗಳಿಗೆ ಅಧಿಕಾರಿ ಕಾಣುವುದಿಲ್ಲ. ಗೋಪುರದಲ್ಲಿ ಯಾರೂ ಇಲ್ಲದಿರುವಾಗಲೂ ಇದ್ದಾರೆಂದೇ ಭಾವಿಸಿ ಕೈದಿ ನಡೆದುಕೊಳ್ಳುತ್ತಾನೆ. ಫ್ರಾನ್ಸಿನ ಚಿಂತಕ ಮಿಷೆಲ್ ಫೂಕೋ 1975ರ ತನ್ನ ಗ್ರಂಥದಲ್ಲಿ ಇದನ್ನು ಆಧುನಿಕ ಸಮಾಜದ ಶಿಸ್ತಿಗೆ ಪ್ರತಿಮೆಯಾಗಿ ವಿವೇಚಿಸಿದನು. ಬೆಂಥಮ್ ಇದನ್ನು ಮುಖ್ಯವಾಗಿ ಕಲ್ಪಿಸಿದ್ದು ಅಪರಾಧಿಗಳಿಗಾಗಿ ಎಂಬುದನ್ನು ಮರೆಯಬಾರದು. ಅದೇ ರಚನೆಯನ್ನು ನಾವು ಊಟದ ಕೋಣೆಗೆ ತಂದಾಗ, ಮಕ್ಕಳು ಓದುವ ಮೇಜಿನ ಮೇಲೆ ತೂಗುಹಾಕಿದಾಗ, ಯಾರನ್ನು ಯಾರೆಂದು ಪರಿಗಣಿಸುತ್ತಿದ್ದೇವೆ ಎಂಬುದನ್ನು ಕೇಳಿಕೊಳ್ಳಬೇಕು.

ಇಲ್ಲಿ ಕನಕದಾಸರ ಬಾಳೆಹಣ್ಣಿನ ಕಥೆ ನೆನಪಾಗದಿರದು. ಯಾರೂ ನೋಡದ ಸ್ಥಳದಲ್ಲಿ ಈ ಹಣ್ಣನ್ನು ತಿಂದು ಬನ್ನಿ ಎಂದು ಗುರುಗಳು ಹೇಳಿದರು. ಉಳಿದ ಶಿಷ್ಯರು ಕೋಣೆಯಲ್ಲಿಯೋ ಪೊದೆಯ ಮರೆಯಲ್ಲಿಯೋ ತಿಂದು ಬಂದರು. ಭಗವಂತನಿಲ್ಲದ ಜಾಗವೇ ಸಿಗಲಿಲ್ಲವೆಂದು ಕನಕದಾಸರು ಹಣ್ಣನ್ನು ಹಾಗೆಯೇ ಮರಳಿ ತಂದರು. ಭಗವಂತನೇ ಎಲ್ಲಕ್ಕಿಂತ ದೊಡ್ಡ ಕ್ಯಾಮರಾ ಎಂದು ಈ ಕಥೆಯನ್ನು ಅರ್ಥೈಸಿ ನಗುವವರಿದ್ದಾರೆ. ಕಥೆಯ ಒಳಗುಟ್ಟು ಅದಕ್ಕೆ ವಿರುದ್ಧವಾದುದು. ಕನಕದಾಸರು ಸಿಕ್ಕಿಬೀಳುವ ಭಯದಿಂದ ಹಣ್ಣನ್ನು ಬಿಟ್ಟವರಲ್ಲ. ಹಣ್ಣು ಕದ್ದದ್ದೂ ಅಲ್ಲ, ತಿನ್ನಬಾರದ್ದೂ ಅಲ್ಲ. ಅವರೊಳಗೇ ಒಂದು ಸಾಕ್ಷಿ ಎಚ್ಚರವಾಗಿತ್ತು. ಆ ಸಾಕ್ಷಿ ಅವರನ್ನು ಹಿಡಿದುಕೊಡಲು ಕಾದು ಕುಳಿತಿರಲಿಲ್ಲ, ಅವರ ಜೊತೆಗಿತ್ತು. ಉಳಿದ ಶಿಷ್ಯರಾದರೋ ಕಣ್ಣಿಲ್ಲದ ಮೂಲೆಯನ್ನು ಹುಡುಕುವ ವಿದ್ಯೆಯಲ್ಲಿ ಪಳಗಿದವರು. ಕ್ಯಾಮರಾದ ಕೆಳಗೆ ಬೆಳೆಯುವ ಮಗು ಬೇಗನೆ ಕಲಿಯುವುದು ಈ ಎರಡನೆಯ ವಿದ್ಯೆಯನ್ನೇ. ಹದಿನೈದು ದಿನಗಳೊಳಗೆ ಅದಕ್ಕೆ ಮನೆಯ ಯಾವ ಮೂಲೆ ಚಿತ್ರಕ್ಕೆ ಸಿಗುವುದಿಲ್ಲವೆಂಬುದು ತಿಳಿದಿರುತ್ತದೆ. ಹೊರಗಿನ ಕಣ್ಣು ಸದಾ ತೆರೆದಿದ್ದರೆ ಒಳಗಿನ ಕಣ್ಣಿಗೆ ತೆರೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ನಂಬಿಕೆಗೆ ಅರ್ಹನಾಗುವುದನ್ನು ಮನುಷ್ಯ ಕಲಿಯುವುದು ಯಾರಾದರೂ ಅವನನ್ನು ಮೊದಲು ನಂಬಿದಾಗ.

ನೆರೆಹೊರೆಯ ವಿಚಾರಕ್ಕೆ ಬಂದರೆ ಗಡಿನಾಡಿನವರಾದ ನಮಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರವಾಗುತ್ತದೆ. ಗೆರೆಯೊಂದನ್ನು ಎಳೆಯುವವರು ಒಬ್ಬರು, ಅದರ ಪರಿಣಾಮವನ್ನು ಉಣ್ಣುವವರು ಇಬ್ಬದಿಯವರೂ ಎಂಬುದನ್ನು 1956ರ ನವೆಂಬರ್ 1ರ ತರುವಾಯ ಕಾಸರಗೋಡಿನ ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಕ್ಯಾಮರಾದ ನೋಟವೂ ಅಂಥ ಒಂದು ಗೆರೆ. ನನ್ನ ಗೇಟಿಗೆ ಹಾಕಿದ ಕಣ್ಣು ಬೇಲಿ ದಾಟಿ ನೆರೆಮನೆಯ ಬಾವಿಕಟ್ಟೆಯನ್ನು ಕಂಡರೆ, ಅಲ್ಲಿ ಬಟ್ಟೆ ಒಗೆಯುವವಳು ನನ್ನ ತಟ್ಟೆಯಲ್ಲಿ 23 ದಿನ ಉಳಿಯುತ್ತಾಳೆ. ಆಕೆಯನ್ನು ಯಾರೂ ಕೇಳಿಲ್ಲ. ಝೆಕ್ ಗಣರಾಜ್ಯದಲ್ಲಿ ಮನೆಯ ಕಿಟಕಿ ಒಡೆದವರನ್ನು ಹಿಡಿಯಲೆಂದು ಗೃಹಸ್ಥನೊಬ್ಬ ಕ್ಯಾಮರಾ ಇಟ್ಟ ಪ್ರಕರಣದಲ್ಲಿ, ಕ್ಯಾಮರಾ ಸಾರ್ವಜನಿಕ ದಾರಿಯನ್ನು ಚಿತ್ರಿಸುತ್ತಿದ್ದರೆ ಅದನ್ನು ಕೇವಲ ಮನೆವಾರ್ತೆಯ ಕಾರ್ಯವೆಂದು ಪರಿಗಣಿಸಲಾಗದೆಂದು ಯುರೋಪಿನ ಒಕ್ಕೂಟದ ನ್ಯಾಯಾಲಯ 2014ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಆತನ ಭಯ ನಿಜವಾಗಿತ್ತು, ಕ್ಯಾಮರಾದಿಂದ ಶಂಕಿತರು ಪತ್ತೆಯಾದದ್ದೂ ನಿಜ. ನ್ಯಾಯಾಲಯ ಆ ಹಿತವನ್ನೂ ಅಲ್ಲಗಳೆಯಲಿಲ್ಲ. ಮನೆಯ ಭಯಕ್ಕೆ ಮನೆಯೊಳಗೆ ಮದ್ದು ಮಾಡಬಹುದು, ದಾರಿಯ ಮೇಲೆ ಕಣ್ಣು ಹಾಯಿಸಿದೊಡನೆ ದಾರಿಹೋಕರ ಹಕ್ಕೂ ಲೆಕ್ಕಕ್ಕೆ ಬರುತ್ತದೆ ಎಂಬುದು ಅದರ ತಾತ್ಪರ್ಯ.

ನಮ್ಮ ದೇಶದ ಕಾನೂನು ಎಲ್ಲಿ ನಿಂತಿದೆ? ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯೇ ಮೂಲವಾಗಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಇಳಿವಯಸ್ಸಿನ ಕನ್ನಡಿಗರೊಬ್ಬರ ಹೆಸರಿನಲ್ಲಿ ಇಡೀ ದೇಶ ಈ ಹಕ್ಕನ್ನು ನೆನೆಯುವಂತಾದದ್ದು ನಮಗೆ ಅಭಿಮಾನದ ಸಂಗತಿ. ತರುವಾಯ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಅಧಿನಿಯಮ ಬಂದಿತು. ಆದರೆ ವ್ಯಕ್ತಿಯೊಬ್ಬನು ಸ್ವಂತದ ಅಥವಾ ಮನೆಬಳಕೆಯ ಉದ್ದೇಶಕ್ಕಾಗಿ ಬಳಸುವ ಮಾಹಿತಿಗೆ ಆ ಅಧಿನಿಯಮ ಅನ್ವಯಿಸುವುದಿಲ್ಲ. ಗುಹ್ಯವಾದುದನ್ನು ಒಪ್ಪಿಗೆಯಿಲ್ಲದೆ ಚಿತ್ರಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ವಿಧಿಯಂತೆ ಅಪರಾಧ. ಅದು ಮನೆಯೊಳಗೂ ಅಪರಾಧವೇ. ಅದಕ್ಕಿಂತ ಸೂಕ್ಷ್ಮವಾದ ವಿಷಯಗಳಲ್ಲಿ, ಅಂದರೆ ಅಡುಗೆಮನೆಯಲ್ಲಿ ಕಣ್ಣಿರಬೇಕೇ, ತಾಯಿಯ ಮಾತು ಮಗನ ಕಿವಿಗೆ ಗುಟ್ಟಾಗಿ ಬೀಳಬೇಕೇ ಎಂಬಂಥವುಗಳಲ್ಲಿ, ಕಾನೂನು ಹೊಸ್ತಿಲಿನಾಚೆ ನಿಂತುಬಿಡುತ್ತದೆ. ಇದು ಕಾನೂನಿನ ದೋಷವೆಂದೇನೂ ಅಲ್ಲ. ಹೊಸ್ತಿಲಿನ ಒಳಗೆ ಆಳುವುದು ಧರ್ಮವೆಂದು ಅದು ನಂಬಿದೆ. ಆ ನಂಬಿಕೆಗೆ ನಾವು ತಕ್ಕವರಾಗಿರಬೇಕು.

ಕಾವಲನ್ನು ಕಾಯುವವರಾರು ಎಂಬ ಹಳೆಯ ಪ್ರಶ್ನೆಯೂ ಇಲ್ಲಿ ಹೊಸ ರೂಪದಲ್ಲಿ ಏಳುತ್ತದೆ. 2016ರಲ್ಲಿ ಮಿರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಮನೆ ಅಂಗಡಿಗಳ ಕ್ಯಾಮರಾಗಳನ್ನೂ ಚಿತ್ರಸಂಗ್ರಾಹಕಗಳನ್ನೂ ವಶಪಡಿಸಿಕೊಂಡಿತು. ಅದರ ಕೈಗೆ ಸಿಕ್ಕ ಕೀಲಿ ಬಲು ಸುಲಭದ್ದು: ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಮಾಲೀಕರು ಬದಲಿಸಿಯೇ ಇರಲಿಲ್ಲ. ಆ ವರ್ಷದ ಅಕ್ಟೋಬರ್ 21ರಂದು ಈ ಸೆರೆಸಿಕ್ಕ ಯಂತ್ರಗಳ ಸೈನ್ಯ ಅಮೆರಿಕದ ಅನೇಕ ಪ್ರಸಿದ್ಧ ಜಾಲತಾಣಗಳನ್ನು ಗಂಟೆಗಳ ಕಾಲ ನಿಲುಕದಂತೆ ಮಾಡಿತು. ಕಾವಲಿಗಿಟ್ಟದ್ದೇ ಕನ್ನಗಳ್ಳರ ಕೈಯ ಆಯುಧವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಮನೆಯೊಳಗಣ ಕಣ್ಣು ಅಪರಿಚಿತನ ಕೈಸೇರಿದರೆ ಆಗುವ ಹಾನಿ ಒಡವೆಯ ಕಳವಿಗಿಂತ ದೊಡ್ಡದು. ಹೋದ ಒಡವೆ ಮರಳಿ ಬರಬಹುದು, ಹೊರಗೆ ಹೋದ ಚಿತ್ರ ಮರಳಿ ಬಾರದು. ಆದ್ದರಿಂದ ಗುಪ್ತಪದ ಬದಲಿಸುವುದು, ತಂತ್ರಾಂಶವನ್ನು ನವೀಕರಿಸುವುದು, ಸಂಗ್ರಹವನ್ನು ದೂರದ ಸಂಸ್ಥೆಯ ವಶಕ್ಕೆ ಕೊಡದೆ ಮನೆಯ ಕಂಪ್ಯೂಟರಿನಲ್ಲಿಯೇ ಇರಿಸುವುದು ಎಚ್ಚರಿಕೆಯ ಮಾತುಗಳಷ್ಟೇ ಆಗಿ ಉಳಿಯುವುದಿಲ್ಲ. ಇನ್ನೊಬ್ಬರ ಮುಖವನ್ನು ಹಿಡಿದಿಟ್ಟುಕೊಂಡವನು ಆ ಮುಖದ ಮಾನಕ್ಕೂ ಹೊಣೆಗಾರ.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ವೃದ್ಧ ತಂದೆತಾಯಿಯರದು. ಮಗಳು ದೂರದ ಊರಿನಲ್ಲಿ ಮೊಬೈಲು ತೆರೆದು ನೋಡುತ್ತಾಳೆ. ತಾಯಿ ಚಾವಡಿಯಲ್ಲಿ ಕುಳಿತಿದ್ದಾಳೆ, ಎದ್ದಳು, ಒಳಗೆ ಹೋದಳು, ಸಮಾಧಾನವಾಯಿತು. ತಾಯಿ ಜಾರಿ ಬಿದ್ದ ದಿನ ಆ ಕಣ್ಣೇ ಅವಳ ಜೀವ ಉಳಿಸಬಹುದು. ಇದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕನ್ನಡದಲ್ಲಿ ‘ಕಾಯು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ: ರಕ್ಷಿಸುವುದು ಒಂದು, ಎದುರುನೋಡುವುದು ಇನ್ನೊಂದು. ಮಗಳು ಪರದೆಯಲ್ಲಿ ಮನೆ ಕಾಯುತ್ತಾಳೆ. ತಾಯಿ ಜಗಲಿಯಲ್ಲಿ ದಾರಿ ಕಾಯುತ್ತಾಳೆ. ಮೊದಲು ದಿನಕ್ಕೊಮ್ಮೆ “ಊಟವಾಯಿತೇ?” ಎಂದು ಕೇಳುತ್ತಿದ್ದವಳಿಗೆ ಈಗ ಕೇಳುವ ಅಗತ್ಯ ತೋರುವುದಿಲ್ಲ, ಏಕೆಂದರೆ ಉಂಡದ್ದು ಕಂಡಿದೆ. ಮಾಹಿತಿ ತಲುಪಿತು, ಮಾತು ನಿಂತಿತು. “ಊಟವಾಯಿತೇ?” ಎಂಬ ಪ್ರಶ್ನೆಯಲ್ಲಿ ಊಟದ ವಿಚಾರ ಇದ್ದದ್ದು ಅಲ್ಪ, ಉಳಿದುದೆಲ್ಲವೂ ನೀನು ನನಗೆ ಮುಖ್ಯಳು ಎಂಬ ಹೇಳಿಕೆ. ಪರದೆ ಮೊದಲನೆಯದನ್ನು ತಂದುಕೊಟ್ಟು ಎರಡನೆಯದನ್ನು ಕಸಿದುಕೊಂಡರೆ ಆ ವ್ಯಾಪಾರದಲ್ಲಿ ತಾಯಿಗೆ ನಷ್ಟ. ಇನ್ನೂ ಒಂದು ಮಾತು. ಬಾಲ್ಯದಲ್ಲಿ ನಮ್ಮನ್ನು ಕಾದವರನ್ನು ನಾವು ಮುಪ್ಪಿನಲ್ಲಿ ಕಾಯುವುದು ಋಣಸಂದಾಯ. ಆದರೆ ಹಿರಿಯರು ಮಕ್ಕಳಾಗುವುದಿಲ್ಲ. ಅವರಿಗೆ ತಮ್ಮದೇ ಅಭಿಪ್ರಾಯವಿದೆ, ತಮ್ಮದೇ ಲಜ್ಜೆಯಿದೆ. ಅವರ ಒಪ್ಪಿಗೆ ಕೇಳದೆ ಅವರ ಕೋಣೆಗೆ ಕಣ್ಣಿಡುವುದು ಪ್ರೀತಿಯ ಹೆಸರಿನಲ್ಲಿ ನಡೆದರೂ ಅವಮಾನವೇ.

ಇಷ್ಟು ವಿವೇಚಿಸಿದ ಮೇಲೆ ಕೆಲವು ನಿರ್ಣಯಗಳನ್ನು ಹೇಳಬಹುದೆನಿಸುತ್ತದೆ. ನೋಡುವ ಅಧಿಕಾರಕ್ಕೆ ನೋಡಿಕೊಳ್ಳುವ ಹೊಣೆಯೇ ಆಧಾರ. ಯಾರ ಹೊಣೆಯನ್ನು ಹೊತ್ತಿಲ್ಲವೋ ಅವರನ್ನು ಹಿಡಿದಿಡುವ ಅಧಿಕಾರವೂ ನಮಗಿಲ್ಲ. ಆದ್ದರಿಂದ ಕಣ್ಣು ಹೊಸ್ತಿಲು, ಗೇಟು, ಅಂಗಳ, ಕೊಟ್ಟಿಗೆಗಳ ಕಡೆಗಿರಲಿ. ನೆರೆಯವರ ಭಾಗಕ್ಕೆ ತಂತ್ರಾಂಶದಲ್ಲಿಯೇ ಕಪ್ಪು ಬಳಿಯಲಿ. ಮಲಗುವ, ಮೀಯುವ, ದೇವರೆದುರು ಕೂರುವ ಸ್ಥಳಗಳಿಂದ ಅದು ದೂರವಿರಲಿ. ಕ್ಯಾಮರಾ ಇದೆಯೆಂಬುದು ಮನೆಗೆ ಬರುವ ಪ್ರತಿಯೊಬ್ಬರಿಗೂ, ಕೆಲಸದವರಿಗೆ ಮೊದಲನೆಯದಾಗಿ, ಬಾಯಿಬಿಟ್ಟು ತಿಳಿಸಲ್ಪಡಲಿ. ಬಚ್ಚಿಟ್ಟ ಕಣ್ಣು ಕಾವಲುಗಾರನದಾಗದೆ ಬೇಹುಗಾರನದಾಗುತ್ತದೆ. ವಿಪತ್ತು ಸಂಭವಿಸದಿದ್ದರೆ ಚಿತ್ರಗಳು ತೆರೆಯದೆಯೇ ಅಳಿದುಹೋಗಲಿ. ತೆರೆಯಬೇಕಾಗಿ ಬಂದರೆ ಯಾರನ್ನು ಕುರಿತು ತೆರೆಯುತ್ತೇವೆಯೋ ಅವರ ಎದುರಿನಲ್ಲಿ ತೆರೆಯಲಿ. ಮನೆಯ ಹಿರಿಯರು “ಇದನ್ನು ಆರಿಸು” ಎಂದರೆ ಆರಿಸಲು ಒಂದು ಗುಂಡಿ ಅವರ ಕೈಗೆ ಎಟಕುವಲ್ಲಿ ಇರಲಿ.

ಕಳ್ಳನಿಂದ ಮನೆಯನ್ನು ಉಳಿಸಿಕೊಳ್ಳಬೇಕು, ನಿಜ. ಮನೆಯನ್ನು ಮನೆಯಾಗಿ ಉಳಿಸಿಕೊಳ್ಳುವುದೂ ಅಷ್ಟೇ ಅಗತ್ಯ. ಮೊದಲನೆಯದಕ್ಕೆ ಯಂತ್ರ ಸ್ವಲ್ಪ ನೆರವಾಗಬಲ್ಲದು. ಎರಡನೆಯದಕ್ಕೆ ವಾರಕ್ಕೊಮ್ಮೆ ಇಳಿದು ಬಂದು ವಿಚಾರಿಸುವ ನೆರೆಯವನು ಬೇಕು, ಹೆಸರು ಹಿಡಿದು ಕರೆಯುವ ಮನೆಗೆಲಸದವಳು ಬೇಕು, ದೂರದಲ್ಲಿದ್ದರೂ ನೋಡಿ ಸುಮ್ಮನಾಗದೆ ಮಾತನಾಡುವ ಮಕ್ಕಳು ಬೇಕು. ಕ್ಯಾಮರಾ ಕಂಡದ್ದನ್ನು ಪರದೆಗೆ ಕಳುಹಿಸುವಲ್ಲಿಗೆ ಯಂತ್ರದ ಕೆಲಸ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ಉಳಿದಿರುವುದು ನಮ್ಮ ಕೆಲಸ.